ಹೆಬ್ಬೆರಳ ಗುಳಿ ಕ್ಯಾಮೆರಾಗೆ ಕಾಣದು

ಮಲೆನಾಡಿನ ಮೇಗರವಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಮಾತ್ರ. ಹೋದ ಮಳೆಗಾಲದಲ್ಲಿ ಅಪ್ಪಯ್ಯ ಅಲ್ಲೇ ಕೊಡೆ ಹಿಡಿದು ಕೂತು ಹೃದ್ರೋಗ ತಜ್ಞರ ಜೊತೆ ವಿಡಿಯೊದಲ್ಲಿ ಮಾತಾಡಿದರು. ಇಂಗ್ಲೆಂಡಿನ ಲೀಡ್ಸ್‌ನಿಂದ ನಾನೂ ಕರೆಯಲ್ಲಿದ್ದೆ. "ಹೇಗಿದ್ದೀರಿ?" ಅಂದರೆ, "ಆರಾಮಿದ್ದೀನಿ. ನಿಮ್ಮಲ್ಲಿ ಮಳೆ ಹೆಂಗೆ ಡಾಕ್ಟ್ರೇ?" ಅಂತ ಇವರೇ ಕೇಳಿದರು! ದೊಡ್ಡ ಡಾಕ್ಟರ ಮುಂದೆ ಕಾಯಿಲೆ ಹೇಳಿಕೊಳ್ಳಲೂ ನಮ್ಮವರಿಗೆ ಸಂಕೋಚ. ಏಳು ನಿಮಿಷಕ್ಕೆ ಮಾತು ಮುಗಿಯಿತು, ಹಳೇ ಮಾತ್ರೆಯೇ ಮುಂದುವರಿಯಿತು.

ನಾಲ್ಕು ದಿನ ಬಿಟ್ಟು ಬಿಪಿ ನೋಡಿಸಲು ಹೋದಾಗ ಆರೋಗ್ಯ ಕೇಂದ್ರದ ಸಿಸ್ಟರ್ ಕಾಲಿನ ಹರಡಿನ ಬಳಿ ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಮೈಯಲ್ಲಿ ನೀರು ನಿಂತಿದೆ ಅಂತ ಗೊತ್ತಾದದ್ದು ಆಗ. ಮತ್ತೆ ಅದೇ ತಜ್ಞರಿಗೆ ಕರೆ. ಈ ಸಲ ಸಿಸ್ಟರ್ ಪಕ್ಕದಲ್ಲಿದ್ದು ತೂಕ, ನಾಡಿ, ಬಾವು ಎಲ್ಲ ತಾವೇ ಹೇಳಿದರು. ಮೈಯ ನೀರು ಇಳಿಸುವ ಮಾತ್ರೆ ಹೆಚ್ಚಾಯಿತು. ಮಳೆಯಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಮಣಿಪಾಲದ ಕಡೆ ಹೋಗುವುದು ತಪ್ಪಿತು.

ಎರಡೂ ಕರೆಗೆ ಡಾಕ್ಟರು ಒಬ್ಬರೇ, ಫೀಸೂ ಒಂದೇ.

ಇಲ್ಲಿ ಇಂಗ್ಲೆಂಡಿನಲ್ಲಿ ಸರ್ಕಾರಿ ವ್ಯವಸ್ಥೆಯೊಳಗೆ ನಾನಾಗಿಯೇ ತಜ್ಞರ ಬಳಿ ಹೋಗುವಂತಿಲ್ಲ. ಮೊದಲು ನಮ್ಮ ಬೀದಿಯ ಜಿಪಿ, ಅಂದರೆ ಎಲ್ಲ ಕಾಯಿಲೆಗೂ ಮೊದಲು ನೋಡುವ ಸಾಮಾನ್ಯ ವೈದ್ಯರನ್ನು, ಕಾಣಬೇಕು. ಎಷ್ಟೋ ಸಲ ಅವರೇ ತಜ್ಞರಿಗೆ ಬರೆದು ಸಲಹೆ ಪಡೆಯುತ್ತಾರೆ, ನಾನು ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಇಲ್ಲ. ಹಾಗಂತ ಇಲ್ಲಿಯದೆಲ್ಲ ಚಿನ್ನ ಅಂತ ಹೊಗಳಲಾರೆ. ತಜ್ಞರ ಚಿಕಿತ್ಸೆ ಶುರುವಾಗಲು 18 ವಾರದ ಗಡುವು ಅಂತ ನಿಯಮವಿದೆ, ಅದು ಪಾಲನೆಯಾಗದೆ ವರ್ಷಗಳೇ ಆದವು. ಊರಲ್ಲಿ ದುಡ್ಡಿದ್ದರೆ ನಾಳೆಗೇ ತಜ್ಞರು ಸಿಗುತ್ತಾರೆ. ಆದರೆ ರೋಗಿಯ ಪರವಾಗಿ ಮಾತಾಡಬಲ್ಲವರು ನಡುವೆ ಯಾರೂ ಇರುವುದಿಲ್ಲ.

ಈ ನಡುವಿನವರನ್ನು ನಮ್ಮಲ್ಲೂ ಯೋಚಿಸಿಯೇ ಇಟ್ಟಿದ್ದರು. 2019ರಲ್ಲಿ ಇ-ಸಂಜೀವನಿ ಎಂಬ ಸರ್ಕಾರಿ ದೂರವೈದ್ಯ ಸೇವೆ ಶುರುವಾದದ್ದು ಹಳ್ಳಿಯ ಆರೋಗ್ಯ ಕೇಂದ್ರದವರು ರೋಗಿಯನ್ನು ಕೂರಿಸಿಕೊಂಡು ದೂರದ ವೈದ್ಯರನ್ನು ಕೇಳಲಿ ಎಂದೇ. ಮನೆಯಿಂದಲೇ ಕರೆ ಮಾಡುವ ಸೌಲಭ್ಯ ಸೇರಿದ್ದು 2020ರಲ್ಲಿ, ಕೋವಿಡ್ ಬಂದಮೇಲೆ. ನನ್ನ ಮಟ್ಟಿಗೆ ಮೊದಲನೆಯದೇ ಮಲೆನಾಡಿಗೆ ಹೊಂದುವ ದಾರಿ.

ಜ್ವರದ ಮಾತೇ ಬೇರೆ. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಬೇಸಿಗೆಯಲ್ಲಿ ದರಗು (ಒಣ ಎಲೆ) ತರಲು ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ ಫೋನ್ ಬದಿಗಿಟ್ಟು ರಕ್ತಪರೀಕ್ಷೆಗೆ ಹೋಗಬೇಕು.

ಮೂರು ದಿನದಲ್ಲಿ ತೂಕ 2 ಕೆ.ಜಿ. ಏರಿದರೆ ತಿಳಿಸಿ ಅಂದಿದ್ದಾರೆ ಡಾಕ್ಟರು. ಅಪ್ಪಯ್ಯ ಈಗ ದಿನಾ ಬೆಳಿಗ್ಗೆ ಅಡಿಕೆ ತೂಗುವ ಯಂತ್ರ ಹತ್ತಿ ಸಿಸ್ಟರಿಗೂ ನನಗೂ ವಾಟ್ಸಾಪ್ ಮಾಡುತ್ತಾರೆ. ಇವತ್ತಿನದು: "61.4. ಕಂಬಳಿ ಸೇರಿ."