ಐವರೋ, ನಾಲ್ವರೋ?

ಟೈರು ಬದಲಾಯಿಸಲು ಅರ್ಧ ಗಂಟೆ ಸಾಕು ಎಂದಿದ್ದ ಅಂಗಡಿಯವರು ಎರಡನೆಯ ಗಂಟೆಯಲ್ಲೂ ನಗುನಗುತ್ತ ಅದನ್ನೇ ಹೇಳುತ್ತಿದ್ದರು. ನ್ಯೂಜೆರ್ಸಿಯ ಜನವರಿ, ಹೊರಗೆ ಕಾಲಿಡುವಂತಿರಲಿಲ್ಲ. ಒಳಗೆ ಬೆಳಗಿನಿಂದ ಕಾದು ಕಾದು ಕಷಾಯವಾಗಿದ್ದ ಕಾಫಿ, ಮುಖಪುಟ ಹರಿದುಹೋದ ಪತ್ರಿಕೆಗಳು, ನನ್ನ ಎದುರಿನ ಕುರ್ಚಿಗಳಲ್ಲಿ ಇಬ್ಬರು ಮುದುಕರು. ಗಾಯಕ ಫ್ರೆಡ್ ಪ್ಯಾರಿಸ್ 85ರ ವಯಸ್ಸಿನಲ್ಲಿ ತೀರಿಕೊಂಡ ವಾರ ಅದು, 2022. ಒಬ್ಬ ಮುದುಕ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಐವರಲ್ಲಿ ಇನ್ನೊಬ್ಬ ಹೋದ" ಎಂದು ನಿಟ್ಟುಸಿರಿಟ್ಟ.

"ಐವರು ಯಾವಾಗ ಇದ್ದರು?" ಎಂದ ಇನ್ನೊಬ್ಬ. "ಆ ರೆಕಾರ್ಡಿನಲ್ಲಿ ಹಾಡಿದ್ದು ನಾಲ್ವರು."

ಟೋಪಿ ಮತ್ತೆ ತಲೆಗೇರಿತು. "ತಂಡದ ಹೆಸರೇ ಫೈವ್ ಸ್ಯಾಟಿನ್ಸ್!"

"ಹೆಸರು ಏನಾದರೂ ಇರಲಿ. ಪಿಯಾನೋದವನನ್ನು ಸೇರಿಸಿಕೊಂಡರೆ ಮಾತ್ರ ಐದು."

"ಪಿಯಾನೋದವನನ್ನು ಯಾಕೆ ಬಿಡಬೇಕು? ಅವನೇನು ಪಾಪ ಮಾಡಿದ್ದ?"

ಅಲ್ಲಿಂದ ಮುಂದೆ ಸತ್ತವರ ಪ್ರಸ್ತಾಪವೇ ಬರಲಿಲ್ಲ. ಹದಿಮೂರನೆಯ ದಿನದ ಪಂಕ್ತಿಯಲ್ಲಿ ಕುಳಿತು, ಹೋದವರ ಮದುವೆಗೆ ಅಡುಗೆ ಮಾಡಿದ್ದವರು ಯಾರು ಎಂದು ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ಜಗಳಕ್ಕೆ ನಿಲ್ಲುವ ನಮ್ಮ ನೆಂಟರ ಹಾಗೆ ಇಬ್ಬರೂ ಕೆಂಪಗಾದರು. ಡೂ-ವಾಪ್ ಎಂದರೆ ಒಬ್ಬ ಮುಂದೆ ನಿಂತು ಹಾಡಿದರೆ ಉಳಿದವರು ಹಿಂದಿನಿಂದ ಅರ್ಥವಿಲ್ಲದ ಸದ್ದುಗಳಲ್ಲಿ ದನಿಗೂಡಿಸುವ, ಐವತ್ತರ ದಶಕದ ಅಮೆರಿಕದ ತಂಡಗಾಯನ. ಅದರ ಅಭಿಮಾನಿಗಳೆಲ್ಲ ಹೀಗೆಯೇ. ಅವರ ಕಣ್ಣಲ್ಲಿ ನೀರು ಬರುವುದಕ್ಕಿಂತ ಮೊದಲು ಬಾಯಲ್ಲಿ ತಿದ್ದುಪಡಿ ಬಂದಿರುತ್ತದೆ. ಯಾಕೆ ಹೀಗೆ ಎಂಬುದಕ್ಕೆ ನನ್ನಲ್ಲೊಂದು ಸಿದ್ಧಾಂತವಿದೆ, ಮುಂದೆ ಹೇಳುತ್ತೇನೆ.

ಅಂದಹಾಗೆ, ನಾಲ್ವರು ಎಂದವನದೇ ಸರಿ. ನಾನು ಬಾಯಿ ಹಾಕಲಿಲ್ಲ ಅಷ್ಟೇ. ಫಿಲಡೆಲ್ಫಿಯಾದಲ್ಲಿ ಸೈನ್ಯದ ಕೆಲಸದಲ್ಲಿದ್ದ ಹತ್ತೊಂಬತ್ತರ ಪ್ಯಾರಿಸ್, ರಾತ್ರಿಯ ಪಹರೆಯ ಹೊತ್ತಿನಲ್ಲಿ ಊರಲ್ಲಿದ್ದ ಹುಡುಗಿಯನ್ನು ನೆನೆದು ಕಟ್ಟಿದ ಹಾಡು 'ಇನ್ ದ ಸ್ಟಿಲ್ ಆಫ್ ದ ನೈಟ್'. 1956ರ ಫೆಬ್ರುವರಿಯಲ್ಲಿ ನ್ಯೂ ಹೇವನ್‌ನ ಸೇಂಟ್ ಬರ್ನಡೆಟ್ ಚರ್ಚಿನ ನೆಲಮಾಳಿಗೆಯಲ್ಲಿ ಅದರ ಧ್ವನಿಮುದ್ರಣವಾಯಿತು. ಸ್ಯಾಕ್ಸೊಫೋನ್ ನುಡಿಸಿದ ವಿನ್ನಿ ಮಜೆಟ್ಟಾ ಆ ಚರ್ಚಿಗೆ ನಡೆದುಕೊಳ್ಳುವವರು, ಅವರು ಕೇಳಿದ್ದರಿಂದ ಜಾಗ ಸಿಕ್ಕಿತು. ಹಾಡು ಜನರ ಬಾಯಿಗೆ ಬೀಳುವ ಹೊತ್ತಿಗೆ ಪ್ಯಾರಿಸ್ ಅವರನ್ನು ಸೈನ್ಯ ಜಪಾನಿಗೆ ಸಾಗಿಸಿತ್ತು. ಇಲ್ಲಿ ತಂಡ ಇನ್ನೊಬ್ಬ ಗಾಯಕನನ್ನು, ಬಿಲ್ ಬೇಕರ್ ಅವರನ್ನು, ಮುಂದೆ ನಿಲ್ಲಿಸಿಕೊಂಡು ಮುಂದಿನ ವರ್ಷ ಮತ್ತೊಂದು ಹಾಡನ್ನೂ ಗೆದ್ದುಕೊಂಡಿತು. ಆ ಹುಡುಗಿ ಕ್ಯಾಲಿಫೋರ್ನಿಯಾಕ್ಕೆ ಹೋದಳು, ಮದುವೆ ನಡೆಯಲಿಲ್ಲ.

ಇದಿಷ್ಟನ್ನೂ ಮರಣವಾರ್ತೆಗಳು ಚೆನ್ನಾಗಿಯೇ ಬರೆದವು. ಆದರೆ ಹಾಡು ಶುರುವಾಗುವುದು ಪ್ಯಾರಿಸ್ ಅವರಿಂದಲ್ಲ ಎಂದು ಯಾರಾದರೂ ಬರೆದರೇ? ಅವರು ಬಾಯಿ ತೆರೆಯುವ ಮೊದಲು ಕೋರಸ್ ಬರುತ್ತದೆ: ಶೂ-ಡು-ಶೂಬಿ-ಡು. ನೆಲಮಾಳಿಗೆಯ ಗೋಡೆಗೆ ತಗುಲಿ ಬಂದಂಥ ಸ್ವಲ್ಪ ಮಬ್ಬಾದ ದನಿ, ತುದಿಯಲ್ಲಿ ಒಂದಿಷ್ಟು ಎಳೆತ. ಅದು ನಾಲ್ಕು ಸಲ ಸುತ್ತುವಷ್ಟರಲ್ಲಿ ಕೇಳುಗ ಅರ್ಧ ಸೋತಿರುತ್ತಾನೆ. ಆಮೇಲೆ ಯಾರು ಏನು ಹಾಡಿದರೂ ನಡೆಯುತ್ತದೆ ಎಂದರೆ ಅತಿಯಾದೀತು, ಆದರೂ ಅಂದುಬಿಡುತ್ತೇನೆ. ಆ ದನಿಗಳ ಒಡೆಯರು ಅಲ್ ಡೆನ್ಬಿ, ಎಡ್ ಮಾರ್ಟಿನ್ ಮತ್ತು ಕೆಳಗಿನ ಸ್ಥಾಯಿಯಲ್ಲಿ ಜಿಮ್ ಫ್ರೀಮನ್. ಎಲ್ಲರೂ ಬಿಡುತ್ತಾರೆಂಬ ಸಿಟ್ಟಿಗೇ ಇಲ್ಲಿ ಪೂರ್ತಿ ಬರೆದಿದ್ದೇನೆ. ಮುಂದೆ ನಿಂತವನಿಗೆ ಹೆಸರು, ಹಿಂದೆ ನಿಂತವರಿಗೆ ಒಂದೇ ಮೈಕು ಎಂಬ ಈ ಪದ್ಧತಿ ನನಗೆ ಸೇರುವುದಿಲ್ಲ. ಕೋರಸ್ ತೆಗೆದರೆ ಡೂ-ವಾಪ್‌ನಲ್ಲಿ ಉಳಿಯುವುದು ಹುಡುಗಿ ಕೈಕೊಟ್ಟಳೆಂದು ಗೋಳಾಡುವ ಒಬ್ಬ ಹುಡುಗ. ಅಂಥವರು ಯಾವ ಊರಿನಲ್ಲಿಲ್ಲ?

ಹೆಸರಿನ ಮಾತು ಬಂತಲ್ಲ, ಈ ತಂಡಗಳ ಹೆಸರಿಡುವ ಚಟದ ಬಗ್ಗೆ ಒಂದು ಮಾತು. ರೇವನ್ಸ್ ಮತ್ತು ಓರಿಯೋಲ್ಸ್ ಎಂಬ ಎರಡು ತಂಡಗಳು 1940ರ ದಶಕದಲ್ಲಿ ಹೆಸರು ಮಾಡಿದ್ದೇ ತಡ, ಹಕ್ಕಿಗಳ ಸಂತೆಯೇ ನೆರೆಯಿತು. ಕಾಗೆ, ಬಾನಾಡಿ, ಕವಲುತೋಕೆ, ರಾಜಹಂಸ ಎಲ್ಲ ಬಂದವು. ಹಕ್ಕಿಗಳು ಸಾಲದಾದಾಗ ಕ್ಯಾಡಿಲಾಕ್ಸ್, ಇಂಪಾಲಾಸ್ ಎಂದು ಕಾರುಗಳಿಗೆ ಕೈಹಾಕಿದರು. ಲಾಸ್ ಏಂಜಲೀಸ್‌ನ ನಾಲ್ವರು ಹುಡುಗರು ಮಾತ್ರ ಪೆಂಗ್ವಿನ್ಸ್ ಎಂದು ಕರೆದುಕೊಂಡರು. ಅವರು ಪೆಂಗ್ವಿನ್ ಕಂಡದ್ದು ಕೂಲ್ ಸಿಗರೇಟಿನ ಜಾಹೀರಾತಿನಲ್ಲಿ.

ಈ ಪೆಂಗ್ವಿನ್‌ಗಳ ಕತೆಯನ್ನು ಹೇಳದೆ ಮುಂದೆ ಹೋಗಲು ನನ್ನಿಂದಾಗದು. 1954ರಲ್ಲಿ ಡೂಟೋನ್ ಎಂಬ ಸಣ್ಣ ಕಂಪನಿಯ ಮಾಲೀಕ ಡೂಟ್ಸಿ ವಿಲಿಯಮ್ಸ್ ಇವರನ್ನು ಕರೆದುಕೊಂಡು ಹೋದದ್ದು ಸ್ಟುಡಿಯೋಗೆ ಅಲ್ಲ, ತನ್ನ ಸಂಬಂಧಿ ಟೆಡ್ ಬ್ರಿನ್ಸನ್ ಅವರ ಮನೆಯ ಕಾರ್ ಗ್ಯಾರೇಜಿಗೆ. ಡ್ರಮ್ಮಿನ ಸದ್ದು ಹಾಡನ್ನು ನುಂಗುತ್ತದೆಂದು ಅದಕ್ಕೆ ದಿಂಬು ಒತ್ತಿದರು. ಪಕ್ಕದ ಮನೆಯಲ್ಲೊಂದು ನಾಯಿ. ಕ್ಲೀವ್ ಡಂಕನ್ ಕಣ್ಣು ಮುಚ್ಚಿ 'ಅರ್ತ್ ಏಂಜೆಲ್' ಎಂದು ಎಳೆಯುವ ಹೊತ್ತಿಗೆ ಸರಿಯಾಗಿ ಅದು ಬೊಗಳುತ್ತಿತ್ತು. ವಿಲಿಯಮ್ಸ್ ಹೊರಗೆ ಓಡಿ ಅದನ್ನು ಸುಮ್ಮನಾಗಿಸಿ ಬರುವುದು, ಮತ್ತೆ ಮೊದಲಿನಿಂದ ಹಾಡುವುದು, ಮತ್ತೆ ಬೊಗಳುವುದು. ಭೂಮಿಗಿಳಿದ ದೇವತೆಗಾಗಿ ಹಂಬಲಿಸುವ ಆ ದನಿಯಲ್ಲಿ ಒಂದು ಬಗೆಯ ಆತಂಕವಿದೆ ಎಂದು ತಿಳಿದವರು ಮೆಚ್ಚಿಕೊಳ್ಳುತ್ತಾರೆ. ನನಗೇನೋ ಅದರಲ್ಲಿ ಅರ್ಧ ಪಾಲು ನಾಯಿಯದು ಅನ್ನಿಸುತ್ತದೆ.

ಆ ಹಾಡಿನ ರೆಕಾರ್ಡುಗಳು ಹೇಗೆ ಖರ್ಚಾದವೆಂದರೆ, ಕಂಪನಿಯಲ್ಲಿ ಲೇಬಲ್ ಅಚ್ಚು ಹಾಕುವ ಕಾಗದವೇ ಮುಗಿದುಹೋಯಿತು. ಒಂದು ಬಣ್ಣ ತೀರಿದರೆ ಕೈಗೆ ಸಿಕ್ಕ ಇನ್ನೊಂದು ಬಣ್ಣ. ಕಾಗದದ ಅಭಾವಕ್ಕೆ ಮಾಡಿಕೊಂಡ ಈ ಉಪಾಯ ಮುಂದೆ ಸಂಗ್ರಹಕಾರರ ಪಾಲಿಗೆ ಒಂದು ಶಾಸ್ತ್ರವೇ ಆಯಿತು. ಯಾವ ಬಣ್ಣ ಮೊದಲಿನದು, ಯಾವುದು ಆಮೇಲಿನದು ಎಂದು ಅಂಗೈಯಗಲದ ಕಾಗದವನ್ನು ಭೂತಗನ್ನಡಿಯಲ್ಲಿ ನೋಡುತ್ತ ಜೀವನ ಸವೆಸಿದವರನ್ನು ನಾನು ಬಲ್ಲೆ. ಒಬ್ಬರ ಮನೆಯಲ್ಲಿ ಆ ರೆಕಾರ್ಡನ್ನು ನೋಡಿ, "ಸ್ವಲ್ಪ ಹಾಕಿ, ಕೇಳೋಣ" ಎಂದೆ. ಅವರ ಮುಖ ಕಪ್ಪಿಟ್ಟಿತು. ಅದು ಕೇಳುವುದಕ್ಕಲ್ಲವಂತೆ.

ಇಷ್ಟಾಗಿಯೂ ಪೆಂಗ್ವಿನ್ಸ್‌ಗೆ ಸಿಕ್ಕಿದ್ದೇನು? ಹಾಡು ಪಾಪ್ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೆ ಏರಿತು. ಅದೇ ಹಾಡನ್ನು 1955ರಲ್ಲಿ ಕೆನಡಾದ ಕ್ರೂ ಕಟ್ಸ್ ಎಂಬ ಬಿಳಿಯ ಹುಡುಗರು ಇಸ್ತ್ರಿ ಹಾಕಿ ಹಾಡಿ ಮೂರನೆಯ ಸ್ಥಾನಕ್ಕೆ ಏರಿದರು. ಅವರು ಹಿಂದಿನ ವರ್ಷವೇ ಕಾರ್ಡ್ಸ್ ತಂಡದ 'ಶ್-ಬೂಮ್' ಅನ್ನು ಹೀಗೆಯೇ ಎತ್ತಿಕೊಂಡು ಮೊದಲನೆಯ ಸ್ಥಾನದಲ್ಲಿ ವಾರಗಟ್ಟಲೆ ಕುಳಿತಿದ್ದವರು. ಕಪ್ಪು ಜನರ ಹಾಡು ಬೇಕು, ಕಪ್ಪು ಜನರ ಗಂಟಲು ಬೇಡ ಎನ್ನುವ ರೇಡಿಯೋ ಕೇಂದ್ರಗಳು ಬೇಕಾದಷ್ಟಿದ್ದ ಕಾಲ. ಆ ಕ್ರೂ ಕಟ್ಸ್ ರೆಕಾರ್ಡನ್ನು ನಾನೂ ಕೇಳಿದ್ದೇನೆ. ಎಲ್ಲವೂ ಅಚ್ಚುಕಟ್ಟು, ಶ್ರುತಿ ಸೂಜಿಮೊನೆಯಷ್ಟೂ ಆಚೀಚೆ ಇಲ್ಲ. ಆ ಅಚ್ಚುಕಟ್ಟಿಗೇ ನನಗೆ ಮೈ ಉರಿಯುತ್ತದೆ.

ಇನ್ನೊಂದು ಪೆಟ್ಟು ಬಾಕಿಯಿತ್ತು. ಪೆಂಗ್ವಿನ್ಸ್‌ಗೆ ಮ್ಯಾನೇಜರ್ ಆಗಿ ಬಂದ ಬಕ್ ರ‍್ಯಾಮ್ ತಂಡವನ್ನು ದೊಡ್ಡ ಕಂಪನಿಯಾದ ಮರ್ಕ್ಯುರಿಗೆ ಕರೆದೊಯ್ದ. ಪೆಂಗ್ವಿನ್ಸ್ ಬೇಕಾದರೆ ನನ್ನ ಇನ್ನೊಂದು ತಂಡವನ್ನೂ ತೆಗೆದುಕೊಳ್ಳಿ ಎಂದು ಷರತ್ತು ಹಾಕಿದ. ಕಂಪನಿ ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಿತು. ಪೆಂಗ್ವಿನ್ಸ್‌ಗೆ ಅಂಥ ಇನ್ನೊಂದು ಹಾಡು ಒಲಿಯಲೇ ಇಲ್ಲ. ಕೊಸರಿಗೆ ಬಂದ ಆ ಇನ್ನೊಂದು ತಂಡವೇ ಪ್ಲ್ಯಾಟರ್ಸ್! 'ಓನ್ಲಿ ಯೂ' ಹಾಡಿ ಜಗತ್ತನ್ನೇ ಗೆದ್ದರು. ಕ್ಲೀವ್ ಡಂಕನ್ 2012ರಲ್ಲಿ ತೀರಿಕೊಂಡರು. ಆಗಲೂ ಅಭಿಮಾನಿಗಳು ಲೇಬಲ್ಲಿನ ಬಣ್ಣದ ಮೇಲೆ ಜಗಳವಾಡಿರದಿದ್ದರೆ ನನಗೇ ಆಶ್ಚರ್ಯ.

ಸಿದ್ಧಾಂತ ಹೇಳುತ್ತೇನೆಂದಿದ್ದೆ. ಹೇಳಬಹುದಿತ್ತು, ಆದರೆ ಪ್ಲ್ಯಾಟರ್ಸ್ ಎಂದೊಡನೆ ನನಗೆ ಬೇರೆಯದೇ ಒಂದು ಸಂಕಟ ನೆನಪಾಗುತ್ತದೆ. ಈ ಹಳೆಯ ತಂಡಗಳ ಹೆಸರು ಹೊತ್ತು ತಿರುಗುವ ಹೊಸ ತಂಡಗಳಿಗೆ ಇಲ್ಲಿ ಲೆಕ್ಕವಿಲ್ಲ. ಒಂದೇ ಹೆಸರಿನವರು ಒಂದೇ ರಾತ್ರಿ ಎರಡು ಊರುಗಳಲ್ಲಿ ಹಾಡಿದ ಉದಾಹರಣೆಗಳಿವೆ. ಇದರಿಂದ ರೋಸಿಹೋಗಿ ಶಾ ನಾ ನಾ ತಂಡದ ಜಾನ್ ಬಾಮನ್ ರಾಜ್ಯದಿಂದ ರಾಜ್ಯಕ್ಕೆ ಅಲೆದು ಕಾಯಿದೆ ಮಾಡಿಸಿದರು. ಈಗ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಅದು ಇದೆ. ಮೂಲ ರೆಕಾರ್ಡಿನ ತಂಡದವರು ಒಬ್ಬರಾದರೂ ಇರಬೇಕು ಮತ್ತು ಅವರಿಗೆ ಆ ಹೆಸರಿನ ಹಕ್ಕಿರಬೇಕು, ಇಲ್ಲವೇ ಹೆಸರನ್ನು ನೋಂದಾಯಿಸಿಕೊಂಡಿರಬೇಕು, ಅದೂ ಇಲ್ಲದಿದ್ದರೆ ಇದು ಗೌರವಾರ್ಪಣೆಯ ಕಾರ್ಯಕ್ರಮವೆಂದು ಹೇಳಿಕೊಳ್ಳಬೇಕು ಎಂಬುದು ಅದರ ಸಾರ.

ನಾನು ದುಡ್ಡು ಕೊಟ್ಟು ಹೋದ ಒಂದು ಕಾರ್ಯಕ್ರಮದ ಭಿತ್ತಿಪತ್ರದಲ್ಲಿ 'ಗೌರವಾರ್ಪಣೆ' ಎಂಬ ಪದ ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣದಾಗಿತ್ತು. ವೇದಿಕೆಗೆ ಬಂದವರಲ್ಲಿ ಎಲ್ಲರಿಗಿಂತ ಹಿರಿಯನಾಗಿ ಕಂಡವನು ಹಾಡು ಹುಟ್ಟಿದ ಎಷ್ಟೋ ವರ್ಷಗಳ ನಂತರ ಹುಟ್ಟಿದವನು. ಹಾಗೂ ಚೆನ್ನಾಗಿ ಹಾಡಿಬಿಟ್ಟರು, ನನಗೆ ಅದೇ ಕಿರಿಕಿರಿ. ಕೆಳಗಿನ ಸ್ಥಾಯಿಯವನಂತೂ ಕುರ್ಚಿಯ ಕೈ ನಡುಗುವ ಹಾಗೆ ಇಳಿದ. ನಿರೂಪಕ ಮುಂದೆ ನಿಂತ ಗಾಯಕನ ಹೆಸರನ್ನು ಮೂರು ಸಲ ಕೂಗಿ, ಹಿಂದೆ ನಿಂತವರ ಕಡೆ ಸುಮ್ಮನೆ ಕೈ ಬೀಸಿದ. ಮುಗಿದ ಮೇಲೆ ನಾನೇ ಹೋಗಿ ಆ ಕೆಳಸ್ಥಾಯಿಯವನ ಹೆಸರು ಕೇಳಿದೆ. ಸಂತೋಷದಿಂದ ಹೇಳಿದ, ಅಕ್ಷರ ಅಕ್ಷರ ಬಿಡಿಸಿಯೂ ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ. ಟಿಕೆಟ್ಟಿನ ಸಿಟ್ಟು ನನಗಿನ್ನೂ ಇಳಿದಿಲ್ಲ.