ನವಿಲು ಯಾರೂ ಬಳಸಲ್ವಂತೆ!

ನಿನ್ನೆ ಮಡಿಕೇರಿಯ ಮೀಟಿಂಗ್‌ನಿಂದ ಬಂದವನಿಗೆ ಇನ್ನೂ ತಲೆಬಿಸಿ ಇಳಿದಿಲ್ಲ. ನಮ್ಮ ಸಣ್ಣ ಬಳಗ ನಿಮಗೆ ಗೊತ್ತೇ ಇದೆ. ಡೆಬಿಯನ್ ಅನ್ನುವ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗೆ ಕನ್ನಡ ಶಾಲೆಗಳಿಗೆ ಬೇಕಾದ್ದನ್ನೆಲ್ಲ ಸೇರಿಸಿ ಪೆನ್‌ಡ್ರೈವ್‌ನಲ್ಲಿ ಹಂಚುತ್ತೇವೆ. ಈ ಸಲ ಏನು ಉಳಿಸಬೇಕು, ಏನು ಬಿಡಬೇಕು ಅನ್ನುವ ಮಾತು. ಒಬ್ಬ ಹುಡುಗ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. "ನವಿಲು ಫಾಂಟ್ ಯಾರೂ ಬಳಸಲ್ಲ ಸರ್, ತೆಗೀಬಹುದು." ಎರಡೇ ನಿಮಿಷ. ಟೀ ಬರುವ ಮೊದಲೇ ಹದಿನಾಲ್ಕು ಪ್ಯಾಕೇಜ್ (ಒಂದೊಂದು ಸಾಫ್ಟ್‌ವೇರ್ ಅಥವಾ ಫಾಂಟಿನ ಕಟ್ಟು) ಹೊರಗೆ.

ಯಾರೂ ಬಳಸಲ್ವಂತೆ! ನಾಪೋಕ್ಲು ಕಡೆಯ ಒಂದು ಶಾಲೆಯಲ್ಲಿ ಮಕ್ಕಳು ಗೋಡೆ ಪತ್ರಿಕೆಯ ತಲೆಬರಹಕ್ಕೆ ಅದೇ ಬೇಕು ಅಂತಾರೆ. ಕೈಬರಹದ ಹಾಗೆ ಕಾಣುತ್ತದಲ್ಲ, ಅದಕ್ಕೆ. ಆ ಹುಡುಗನ ಅಂಕಿ ಬಂದದ್ದು ಪಾಪ್‌ಕಾನ್‌ನಿಂದ, ಅಂದರೆ ಯಾವ ಪ್ಯಾಕೇಜ್ ಎಷ್ಟು ಕಂಪ್ಯೂಟರ್‌ನಲ್ಲಿದೆ ಅಂತ ಡೆಬಿಯನ್ ಇಡುವ ಲೆಕ್ಕದಿಂದ. ಒಪ್ಪಿಕೊಂಡವರ ಕಂಪ್ಯೂಟರ್ ಮಾತ್ರ ವಾರಕ್ಕೊಮ್ಮೆ ನೆಟ್ ಮೂಲಕ ತನ್ನಲ್ಲಿರುವ ಪ್ಯಾಕೇಜ್‌ಗಳ ಪಟ್ಟಿ ಕಳಿಸುತ್ತದೆ. ಆ ಶಾಲೆಗೆ ನೆಟ್ಟೇ ಇಲ್ಲ. ಆಟಿ ಮಳೆಯಲ್ಲಿ ಕರೆಂಟೂ ಇರಲ್ಲ ಬಿಡಿ.

ತೋಟದಲ್ಲಿ ಕಪಾತು ಮಾಡುವವನು ಗಿಡದ ಬುಡಕ್ಕೆ ಬಗ್ಗಿ, ರೆಂಬೆ ಎತ್ತಿ ನೋಡಿ ಕತ್ತರಿ ಹಾಕುತ್ತಾನೆ. ಜಗಲಿಯಲ್ಲಿ ಕೂತು ಲೆಕ್ಕದ ಪುಸ್ತಕ ನೋಡಿ ಅಲ್ಲ.

ತೆಗೆಯಲೇಬೇಡಿ ಅಂತ ನಾನೆಲ್ಲಿ ಹೇಳಿದೆ? 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 8,800ಕ್ಕೂ ಜಾಸ್ತಿ ಪ್ಯಾಕೇಜ್ ಬಿಟ್ಟರು. ಆದರೂ ಎಪ್ಪತ್ತು ಸಾವಿರದ ಹತ್ತಿರ ಉಳಿದಿವೆ. ದೊಡ್ಡ ದೋಷ ಇದ್ದು ಸರಿ ಮಾಡುವವರೇ ಇಲ್ಲ ಅಂದರೆ ಹೋಗಲಿ. 2019ರಲ್ಲಿ ಉಬುಂಟು ಅನ್ನುವ ಇನ್ನೊಂದು ಲಿನಕ್ಸ್‌ನವರು ಹಳೆಯ ಸಾಫ್ಟ್‌ವೇರ್‌ಗೆ ಬೇಕಾದ 32 ಬಿಟ್ ಪ್ಯಾಕೇಜ್ ಬಿಡ್ತೀವಿ ಅಂದಾಗ ಸ್ಟೀಮ್ ಅನ್ನುವ ಗೇಮ್ ಅಂಗಡಿಯ ಆಟ ಆಡುವವರು ಗಲಾಟೆ ಎಬ್ಬಿಸಿದರು. ವಾರದೊಳಗೆ ಉಬುಂಟು ಮೆತ್ತಗಾಯ್ತು. ಅವರಿಗೆ ಬಾಯಿ ಇತ್ತು. ನಾಪೋಕ್ಲಿನ ಮಕ್ಕಳು ಯಾರ ಹತ್ತಿರ ಗಲಾಟೆ ಮಾಡಬೇಕು?

ಹುಡುಗ ಬಿಡಲಿಲ್ಲ. "ನೋಡಿಕೊಳ್ಳೋರಿಲ್ಲದ್ದು ಅಪಾಯ ಸರ್, ಎಕ್ಸ್‌ಝಡ್ ನೆನಪಿಲ್ವಾ?" ಅಂದ. ನೆನಪಿದೆ ಮಾರಾಯ. ಫೈಲ್ ಕುಗ್ಗಿಸುವ ಸಾಫ್ಟ್‌ವೇರ್ ಅದು. ದಣಿದ ಒಬ್ಬನೇ ಮನುಷ್ಯ ಅದನ್ನು ನೋಡಿಕೊಳ್ಳುತ್ತಿದ್ದ. ಸಹಾಯಕ್ಕೆ ಅಂತ ಬಂದವನೊಬ್ಬ ವರ್ಷಗಟ್ಟಲೆ ನಂಬಿಕೆ ಗಳಿಸಿ ಕಳ್ಳಬಾಗಿಲು ಇಟ್ಟ. 2024ರ ಮಾರ್ಚ್‌ನಲ್ಲಿ ಸಿಕ್ಕಿಬಿತ್ತು. ಆದರೆ ಎಕ್ಸ್‌ಝಡ್ ಇಲ್ಲದ ಲಿನಕ್ಸ್ ಹುಡುಕಿದರೂ ಸಿಗುವುದು ಕಷ್ಟ! ಎಣಿಸಿದ್ದರೆ ಅದೇ ಮೇಲೆ ಇರುತ್ತಿತ್ತು. ಎಷ್ಟು ಜನ ಬಳಸ್ತಾರೆ ಅನ್ನುವುದು ಬೇರೆ, ಯಾರು ನೋಡಿಕೊಳ್ತಾರೆ ಅನ್ನುವುದು ಬೇರೆ. ಎರಡನೆಯದನ್ನು ಕೇಳಿ ತೆಗೆದಿದ್ದರೆ ನಾನು ಸುಮ್ನೆ ಟೀ ಕುಡಿದು ಬರ್ತಿದ್ದೆ.

ಕೇಳಲಿಲ್ಲ, ಬಚಾವಾದೆ. ಯಾಕಂದರೆ ನಮ್ಮ ಪೆನ್‌ಡ್ರೈವ್‌ನ ಫಾಂಟ್‌ಗಳ ಜವಾಬ್ದಾರಿ ನನ್ನದೇ. ಎರಡು ವರ್ಷದಿಂದ ಆ ಫೋಲ್ಡರ್ ತೆರೆದಿಲ್ಲ.

ಇನ್ನೊಂದು. ಡೆಬಿಯನ್ ಹಾಕುವಾಗ ಪಾಪ್‌ಕಾನ್‌ಗೆ ಸೇರ್ತೀರಾ ಅಂತ ಕೇಳುತ್ತದೆ. ಉತ್ತರ ಮೊದಲೇ 'ಬೇಡ' ಅಂತ ಇರುತ್ತದೆ. ರಾತ್ರಿ ಮನೆಗೆ ಬಂದು ನನ್ನ ಕಂಪ್ಯೂಟರ್ ನೋಡಿದೆ. ನಾನೂ ಎಂಟರ್ ಒತ್ತಿ ಮುಂದೆ ಹೋಗಿದ್ದೆ.