ಕಣ್ಣಿನ ಸ್ಕ್ಯಾನ್ ಮಾಡಿಸಿ ಸೊಸೆ ಆರಿಸುವವರಿಗೆ

ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಸುಧಾರಿಸಿಕೊಳ್ಳಿ. ಮನೆಗೆ ಹೋಗಿ ಬರೆದರೆ ಸಿಟ್ಟು ಇಳಿದಿರುತ್ತದೆ. ಇಳಿಯುವುದು ಬೇಡ.

ಇವತ್ತು ಮಾಟುಂಗಾದ ನಮ್ಮ ಕಣ್ಣಿನ ಕ್ಲಿನಿಕ್‌ಗೆ ಒಬ್ಬರು ಆಂಟಿ ಬಂದಿದ್ದರು. ನಮ್ಮ ಊರಿನ ಕಡೆಯವರೇ. ಜೊತೆಗೆ ದಪ್ಪ ಕನ್ನಡಕದ ಒಬ್ಬ ಹುಡುಗಿ. ನಂಬರ್ ಚೆಕ್ ಮಾಡಬೇಕು ಅಂದರು. ಹುಡುಗಿ ನೀರು ಕುಡಿಯಲು ಆಚೆ ಹೋದದ್ದೇ ತಡ, ಆಂಟಿ ಕೌಂಟರ್ ಮೇಲೆ ಬಗ್ಗಿದರು. "ಮಗನಿಗೆ ನೋಡಿದ ಹುಡುಗಿ. ಇವಳ ಸೋದರತ್ತೆಗೆ ತಲೆ ಸರಿ ಇರಲಿಲ್ಲವಂತೆ. ನಿಮ್ಮ ಸ್ಕ್ಯಾನ್ ಮಿಷಿನ್‌ನಲ್ಲಿ ಸ್ಕಿಜೋಫ್ರೇನಿಯಾ ಗೊತ್ತಾಗ್ತದಂತಲ್ಲ? ಸುಮ್ನೆ ಒಂದು ತೆಗೆದುಬಿಡಿ. ಅವಳಿಗೆ ಹೇಳುವುದು ಬೇಡ."

ವಾಟ್ಸಾಪ್‌ನಲ್ಲಿ ಬಂದಿತ್ತಂತೆ. ಮತ್ತೆಲ್ಲಿಂದ ಬರಬೇಕು!

ಆ ಮೆಸೇಜ್ ಪೂರ್ತಿ ಸುಳ್ಳಲ್ಲ, ಅದೇ ತಲೆನೋವು. ರೆಟಿನಾ (ಕಣ್ಣಿನ ಹಿಂಭಾಗದ ತೆಳು ಪರದೆ) ಅಂದರೆ ಮಿದುಳಿನದೇ ತುಂಡು. ಮಗು ಹೊಟ್ಟೆಯಲ್ಲಿರುವಾಗ ಮಿದುಳಿನಿಂದಲೇ ಹೊರಗೆ ಚಾಚಿಕೊಂಡು ಬೆಳೆಯುತ್ತದೆ. ಮಿದುಳನ್ನು ತೆರೆದು ನೋಡಲಾಗದು, ಇದನ್ನು ಪಾಪೆಯ ಮೂಲಕವೇ ನೋಡಬಹುದು. 1991ರಲ್ಲಿ ಬಂದ ಒಸಿಟಿ ತಂತ್ರ (ಆಂಟಿ ಹೇಳಿದ ಸ್ಕ್ಯಾನ್ ಇದೇ) ಅದರ ಪದರಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಈ ಪದರಗಳು ಸರಾಸರಿ ಸ್ವಲ್ಪ ತೆಳ್ಳಗಿರುತ್ತವೆ ಅಂತ ಹಲವು ಅಧ್ಯಯನಗಳು ಹೇಳಿವೆ. ಇನ್ನೂ ಮುಂದೆ ಹೋಗಿ, ಜ್ಯೂರಿಕ್‌ನ ಸಂಶೋಧಕರು ಲಕ್ಷಗಟ್ಟಲೆ ಜನರ ಆರೋಗ್ಯದ ವಿವರ ಕೂಡಿಟ್ಟಿರುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನಲ್ಲಿದ್ದ ಮಾಹಿತಿ ತೆಗೆದು ನೋಡಿದರು. ಕಾಯಿಲೆಯೇ ಇಲ್ಲದವರಲ್ಲೂ, ವಂಶವಾಹಿ ಅಪಾಯ ಜಾಸ್ತಿ ಇದ್ದಷ್ಟು ರೆಟಿನಾ ಚೂರು ತೆಳು. ಇದನ್ನು ಓದಿದ ದಿನ ನನಗೆ ನಿಜಕ್ಕೂ ರೋಮಾಂಚನವಾಗಿತ್ತು.

ಆದರೆ ಸರಾಸರಿ ಮಾರಾಯ್ರೆ, ಸರಾಸರಿ! ಸಾವಿರಾರು ಜನರನ್ನು ಒಟ್ಟು ಹಾಕಿದಾಗ ಕಾಣುವ ಕೂದಲೆಳೆಯಷ್ಟೂ ಇಲ್ಲದ ವ್ಯತ್ಯಾಸ. ಶುಗರ್ ಇದ್ದರೂ ತೆಳುವಾಗಬಹುದು. ಬಿಪಿ, ಸಿಗರೇಟು, ವಯಸ್ಸು, ಎಲ್ಲದಕ್ಕೂ ಅದರಲ್ಲಿ ಪಾಲಿದೆ. ಒಬ್ಬಳನ್ನು ಮಿಷಿನ್ ಮುಂದೆ ಕೂರಿಸಿ ಇವಳಿಗೆ ಉಂಟು, ಇವಳಿಗೆ ಇಲ್ಲ ಅನ್ನಲು ಆಗುವುದಿಲ್ಲ. ಸೋದರತ್ತೆಗೆ ಇತ್ತು ಅಂತಲೇ ಇಟ್ಟುಕೊಳ್ಳಿ, ಅಂಥ ನೂರು ಸೋದರ ಸೊಸೆಯಂದಿರಲ್ಲಿ ತೊಂಬತ್ತೈದಕ್ಕಿಂತ ಜಾಸ್ತಿ ಮಂದಿಗೆ ಅದು ಬರುವುದೇ ಇಲ್ಲ.

"ಬೇಗ ಗೊತ್ತಾದರೆ ಒಳ್ಳೆಯದಲ್ವಾ?" ಅಂತ ಕಾಮೆಂಟ್ ಹಾಕಲು ಹೊರಟಿದ್ದೀರಿ, ಗೊತ್ತು. ಒಳ್ಳೆಯದೇ. ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಲಾಭ. ಆದರೆ ಆಂಟಿಗೆ ಬೇಕಿದ್ದದ್ದು ಚಿಕಿತ್ಸೆಯಾ? ಸಂಬಂಧ ಮುರಿಯಲು ಒಂದು ಕಲರ್ ಪ್ರಿಂಟ್ ಬೇಕಿತ್ತು, ಅಷ್ಟೇ.

ಮತ್ತೆ ಬೇಗ ಕಂಡುಹಿಡಿಯುವ ವಿಷಯ ನನ್ನ ಹತ್ತಿರ ಮಾತಾಡಬೇಡಿ. ನನ್ನ ತಮ್ಮನಿಗೂ ಇದೇ ಕಾಯಿಲೆ, ಅವನ ಕಥೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದ್ದು ಇದು (ಅವನಿಗೆ ಈಗಷ್ಟೇ ಮೆಸೇಜ್ ಮಾಡಿ ಕೇಳಿದೆ, "ಬರಿ ಮಾರಾಯ್ತಿ" ಅಂದ). 2016ರಲ್ಲಿ ಅವನು ಮೊದಲು ಹೇಳಿದ್ದು ಕಣ್ಣಿನ ವಿಷಯವನ್ನೇ. "ಅಕ್ಕ, ಟ್ಯೂಬ್‌ಲೈಟ್ ಚುಚ್ತದೆ. ಅಮ್ಮನ ಮುಖ ಅಮ್ಮನ ಹಾಗೆ ಕಾಣ್ತಿಲ್ಲ." ನಾನು ಕಣ್ಣಿನವಳಲ್ವಾ! ನಂಬರ್ ತೆಗೆದೆ, ಆರು ಬೈ ಆರು, ದೃಷ್ಟಿ ಪೂರ್ತಿ ಸರಿ. ಆ್ಯಂಟಿಗ್ಲೇರ್ ಕನ್ನಡಕ ಮಾಡಿಸಿಕೊಟ್ಟೆ. ಮೂರು ತಿಂಗಳಿಗೆ ಮತ್ತೆ ತೆಗೆದೆ. ಒಸಿಟಿಯನ್ನೂ ತೆಗೆದೆ. ಎಲ್ಲ ಹಸಿರು, ಅಂದರೆ ನಾರ್ಮಲ್. "ನಿಂಗೆ ಏನೂ ಆಗಿಲ್ಲ, ಮೊಬೈಲ್ ಕಮ್ಮಿ ಮಾಡು" ಅಂದೆ. ಅವನು ಕಿಟಕಿಗೆ ಪೇಪರ್ ಅಂಟಿಸಿಕೊಂಡು ಕೂರುವವರೆಗೆ, ಹದಿನಾಲ್ಕು ತಿಂಗಳು, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಲಿಲ್ಲ. ಆಗ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇರಲಿಲ್ಲ, ಅದು ಬಂದದ್ದು 2022ರಲ್ಲಿ. ಇದ್ದಿದ್ದರೂ ನಾನು ಫೋನ್ ಮಾಡುತ್ತಿದ್ದೆನೋ ಇಲ್ಲವೋ. ಮಿಷಿನ್ ಹಸಿರು ತೋರಿಸಿತ್ತಲ್ಲ.

ಇನ್ನೊಂದು ವಿಷಯ. ಆ ಹುಡುಗಿಯನ್ನು ನಂಬರ್ ಮಿಷಿನ್‌ಗೆ ಗಲ್ಲ ಇಟ್ಟು ಕೂರಿಸಿದೆ. "ಬಲೂನ್ ಕಾಣ್ತದಾ?" "ಕಾಣ್ತದೆ." ಮೈನಸ್ ಏಳೂವರೆ. ಇಷ್ಟು ಮೈನಸ್ ಇದ್ದರೆ ಕಣ್ಣುಗುಡ್ಡೆ ಉದ್ದಕ್ಕೆ ಎಳೆದುಕೊಂಡಿರುತ್ತದೆ, ಪದರ ತೆಳು ಬರುತ್ತದೆ. ಮಿಷಿನ್ ಅದನ್ನು ಸಾಮಾನ್ಯ ಕಣ್ಣುಗಳ ಜೊತೆ ಹೋಲಿಸಿ ಕೆಂಪು ಬಣ್ಣ ಹಾಕಿ ಕೊಡುತ್ತದೆ. ಕಾಯಿಲೆ ಇಲ್ಲದೆಯೂ ಬರುವ ಈ ಕೆಂಪಿಗೆ ನಮ್ಮ ಕಸುಬಿನವರು 'ರೆಡ್ ಡಿಸೀಸ್' ಅಂತಲೇ ಹೆಸರಿಟ್ಟಿದ್ದಾರೆ. ಆಂಟಿಯ ಮಾತು ಕೇಳಿ ಸ್ಕ್ಯಾನ್ ತೆಗೆದಿದ್ದರೆ ಆ ಕೆಂಪು ಕಾಗದ ಸಂಜೆಯೊಳಗೆ ಎಷ್ಟು ಗ್ರೂಪ್ ಸುತ್ತುತ್ತಿತ್ತು, ನೀವೇ ಹೇಳಿ.

ತೆಗೆಯಲಿಲ್ಲ. "ಅದಕ್ಕೆಲ್ಲ ಡಾಕ್ಟರ್ ಬರೆದುಕೊಡಬೇಕು" ಅಂದೆ. ಹೇಡಿ ಉತ್ತರ. ಎದುರಿಗೇ ಬೈಯಬೇಕಿತ್ತು. ಹುಡುಗಿಗೂ ಏನೂ ಹೇಳಲಿಲ್ಲ. ಹೇಳಬೇಕಿತ್ತಾ? ಕುರ್ಲಾದಿಂದ ಇಲ್ಲಿತನಕ ಅದೇ ಯೋಚನೆ.

ಕನ್ನಡಕ ಶನಿವಾರ ರೆಡಿಯಾಗುತ್ತದೆ. ಒಯ್ಯಲು ಒಬ್ಬಳೇ ಬರುತ್ತೇನೆ ಅಂದಿದ್ದಾಳೆ.